ಗೋಡೆಯ ಮೇಲಿನ ಎರಡು ಚಿತ್ರ

ಶನಿವಾರ ಮಧ್ಯಾಹ್ನ ಅಳಿಯ ಊಟ ಮುಗಿಸಿ ಕೈ ತೊಳೆಯುವುದೇ ತಡ, ಶ್ರೀಪಾದರಾಯರಿಗೆ ತರಕಾರಿಯ ನೆನಪಾಗುತ್ತಿತ್ತು.

“ಸೀತಾ, ಮನ್ಯಾಗ ಒಂದು ಹಸಿಮೆಣಸಿನಕಾಯಿ ಸುದ್ದಾ ಇಲ್ಲ ನೋಡು!”

ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಫ್ರಿಜ್ಜಿನಲ್ಲಿ ತರಕಾರಿ ಇಡಲು ಜಾಗವೇ ಇರುತ್ತಿರಲಿಲ್ಲ. ಆದರೂ ಅವರ ಹೆಂಡತಿ ಸೀತಾಲಕ್ಷ್ಮಿ ಅಷ್ಟರೊಳಗೆ ಸೀರೆ ಬದಲಿಸಿ, ಬಟ್ಟೆಯ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. “ನಾವು ಬರೂದು ಏಳು ಆಗ್ತದರೀ. ನೀವು ಆರಾಮ ಮಾಡ್ರಿ,” ಎಂದು ಅಳಿಯನ ಮುಖ ನೋಡದೆ ಗೋಡೆಗೆ ಹೇಳಿ, ಗೇಟಿನ ಚಿಲಕವನ್ನು ಬೇಕೆಂದೇ ಸದ್ದು ಮಾಡಿ ಹಾಕಿಕೊಂಡು ಹೋಗುತ್ತಿದ್ದರು.

ಏಪ್ರಿಲ್ ತಿಂಗಳ ವಿಜಯವಾಡದಲ್ಲಿ ಆ ಹೊತ್ತಿಗೆ ಬೀದಿನಾಯಿಗಳು ಕೂಡ ಕಾರಿನ ಕೆಳಗಿನಿಂದ ಹೊರಗೆ ಬರುವುದಿಲ್ಲ. ಅಂಥ ಬಿಸಿಲಿನಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಎಲ್ಲಿಗೆ ಹೋಗುತ್ತಾರೆಂಬುದು ಅಳಿಯ ಶಮಂತನಿಗೆ ಗೊತ್ತಿತ್ತು. ಬಂದರ್ ರಸ್ತೆಯ ಯಾವುದಾದರೊಂದು ಏಸಿ ಅಂಗಡಿಯಲ್ಲಿ ಕೂತು, ಕೊಳ್ಳುವ ಮನಸ್ಸಿಲ್ಲದ ಸೀರೆಗಳನ್ನು ಬಿಚ್ಚಿಸಿ ನೋಡಿ, ಅಂಗಡಿಯವರು ಕೊಟ್ಟ ತಣ್ಣನೆಯ ನೀರು ಕುಡಿದು ಬರುತ್ತಿದ್ದರು. ಮಗಳು ಅಳಿಯನಿಗೆ ಮನೆ ಖಾಲಿ ಇರಲಿ ಎಂದು ವಾರ ವಾರವೂ ಈ ಸಂಕಟ.

ಖಾಲಿ ಮನೆಯಲ್ಲಿ ಶಮಂತ ಮಾಡುತ್ತಿದ್ದುದು ರಿಪೇರಿ.

ಅವನ ಉದ್ಯೋಗವೂ ಅದೇ. ಗದಗದವನು, ಹುಬ್ಬಳ್ಳಿಯಲ್ಲಿ ಓದಿ, ಆಸ್ಪತ್ರೆಯ ಯಂತ್ರಗಳನ್ನು ಮಾರುವ ಒಂದು ಕಂಪನಿಯ ಸರ್ವಿಸ್ ಎಂಜಿನಿಯರ್ ಆಗಿ ವಿಶಾಖಪಟ್ಟಣಕ್ಕೆ ಬಂದು ಆರು ವರ್ಷವಾಗಿತ್ತು. ಮಧುರವಾಡದ ಹೊಸ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದ. ಹೋದ ಜೂನಿನಲ್ಲಿ ಮದುವೆ. ಹೆಂಡತಿ ನಿಕಿತಾ ತವರಿನ ಹತ್ತಿರವೇ, ವಿಜಯವಾಡದ ಪಟಮಟದ ಒಂದು ಇಂಟರ್ಮೀಡಿಯೆಟ್ ಕಾಲೇಜಿನಲ್ಲಿ ಜೂವಾಲಜಿ ಹೇಳಿಕೊಡುತ್ತಿದ್ದಳು. ವರ್ಷದ ನಡುವೆ ಕೆಲಸ ಬಿಟ್ಟುಬರುವುದು ಬೇಡ, ವರ್ಷ ಮುಗಿಯುವವರೆಗೆ ತವರಿನಲ್ಲೇ ಇರಲಿ, ಅಳಿಯ ವಾರಕ್ಕೊಮ್ಮೆ ಬಂದುಹೋಗಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಹಾಗೆ ಬಂದು ಹೋದ ಈ ಹತ್ತು ತಿಂಗಳಲ್ಲಿ ಆ ಮನೆಯ ಮಿಕ್ಸಿ, ಗೀಸರು, ಎಲ್ಲ ಫ್ಯಾನುಗಳು, ಕಾಲಿಂಗ್ ಬೆಲ್ಲು, ಮಾವನ ಹಳೆಯ ರೇಡಿಯೋ ಎಲ್ಲವೂ ಬಿಚ್ಚಿಸಿಕೊಂಡು ಮತ್ತೆ ಕೂಡಿಕೊಂಡಿದ್ದವು. ಏಳು ಗಂಟೆಗೆ ಬರುವ ಅತ್ತೆ, ಹಾಲಿನಲ್ಲಿ ಪೇಪರು ಹಾಸಿ ಸ್ಕ್ರೂ ಹರಡಿಕೊಂಡು ಕೂತ ಅಳಿಯನನ್ನು ನೋಡಿ, “ನಮ್ಮ ಅಳಿಯಂದು ಬಂಗಾರದ ಕೈ,” ಎನ್ನುತ್ತಿದ್ದರು. ಮಾತಿನ ಕೊನೆಗೆ ಒಂದು ಸಣ್ಣ ನಿಟ್ಟುಸಿರು.

ಈ ಶನಿವಾರ ಇಸ್ತ್ರಿಪೆಟ್ಟಿಗೆಯ ಸರದಿ. ಬೆಳಿಗ್ಗೆಯೇ ಅತ್ತೆ, ಕಾಯ್ತಾ ಇಲ್ಲ ಅಂದಿದ್ದರು. ಗೇಟಿನ ಸದ್ದು ಅಡಗಿದ್ದೇ ಅವನು ಟೆಸ್ಟರ್ ಹಿಡಿದು ನೆಲಕ್ಕೆ ಕೂತ.

ನಿಕಿತಾ ಎದುರಿನ ಕುರ್ಚಿಯಲ್ಲಿ ಕಾಲು ಮೇಲೆತ್ತಿಕೊಂಡು ಕೂತು ಅವನ ಕೈಯನ್ನೇ ನೋಡುತ್ತಿದ್ದಳು.

“ಅದು ಕೆಟ್ಟಿಲ್ಲ,” ಎಂದಳು.

“ಹಾಂ?”

“ಪ್ಲಗ್ಗಿನ ಒಳಗಿನ ವೈರು ನಾನೇ ಬಿಚ್ಚೀನಿ.”

“ಯಾಕ?”

“ನಿಮಗೆ ಏನಾದ್ರೂ ಕೆಲಸ ಬೇಕು ಕದಾ. ಮನ್ಯಾಗ ಕೆಟ್ಟಿದ್ದು ಇನ್ನ ಏನೂ ಉಳಿದಿಲ್ಲ.”

ಕನ್ನಡದ ಮನೆಯಾದರೂ ವಿಜಯವಾಡದಲ್ಲೇ ಹುಟ್ಟಿ ಬೆಳೆದವಳ ಕನ್ನಡ ಹಾಗೆಯೇ, ನಡುನಡುವೆ ತೆಲುಗಿಗೆ ಹೋಗಿ ನೀರು ಕುಡಿದು ಬರುತ್ತಿತ್ತು. ಆದರೆ ಈಗ ಅವಳ ದನಿಯಲ್ಲಿ ಆಟವಿರಲಿಲ್ಲ. ಶಮಂತ ಸ್ಕ್ರೂ ತಿರುವುತ್ತಲೇ ಇದ್ದ. ತಿರುವುವುದಕ್ಕೆ ಏನೂ ಇರಲಿಲ್ಲ.

“ಕಾಲೇಜಿನಾಗ ಕೇಳ್ಯಾರ. ಬರೋ ವರ್ಷ ಇರ್ತೀರಾ, ಬಿಡ್ತೀರಾ, ತಿಂಗಳ ಕೊನೀಗೆ ಹೇಳ್ರಿ ಅಂತ. ನಾನು ವೈಜಾಗಿಗೆ ಬರ್ಲಾ, ವದ್ದಾ?”

“ನಿನ್ನ ಇಷ್ಟ.”

“ಅದು ಜವಾಬು ಕಾದು, ಜವಾಬಲ್ಲ.” ಅವಳು ಕುರ್ಚಿಯಿಂದ ಕಾಲು ಕೆಳಗಿಳಿಸಿದಳು. “ನಾನು ಕೆಲಸದ ಮಾತು ಕೇಳ್ತಾ ಇಲ್ಲ. ನಿಮಗೆ ನಾನು ಬೇಕಾ ಇಲ್ಲಾ? ಬ್ಯಾಡ ಅಂದ್ರೆ ಬ್ಯಾಡ ಅನ್ರಿ. ನಾನು ಸಾಯಾಂಗಿಲ್ಲ. ಮುಂದಿನ ಶನಿವಾರ ಬಂದಾಗ ಹೇಳ್ರಿ.”

ಇಷ್ಟು ಹೇಳಿ ಒಳಗೆ ಹೋಗಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಳು. ಅಳಿಯ ಇಸ್ತ್ರಿಪೆಟ್ಟಿಗೆಯ ವೈರು ಸೇರಿಸಿ, ಕಾಯುತ್ತದೋ ಇಲ್ಲವೋ ಎಂದು ನೋಡಲು ಬೆರಳು ಒಯ್ದು ಸುಟ್ಟುಕೊಂಡ.

*

ಏನಾಗುತ್ತಿತ್ತು ಎಂಬುದನ್ನು ಶಮಂತ ತನಗೆ ತಾನೇ ಕೂಡ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಅವಳನ್ನು ಕಂಡರೆ ಆಸೆ ಇಲ್ಲದೆ ಇಲ್ಲ. ರೈಲಿನಲ್ಲಿ ಬರುವಾಗ ತುನಿ ಸ್ಟೇಷನ್ ದಾಟುವುದರೊಳಗೆ ಮನಸ್ಸು ಪಟಮಟದ ಮನೆಯಲ್ಲಿರುತ್ತಿತ್ತು. ಆದರೆ ಹತ್ತಿರ ಬಂದ ಮೇಲೆ, ಮೈ ಎದ್ದು ನಿಲ್ಲುವ ಹೊತ್ತಿಗೆ, ತುದಿಯ ಚರ್ಮ ಸಣ್ಣ ಅಳತೆಯ ಬಳೆ ತೊಡಿಸಿದಂತೆ ಬಿಗಿದುಕೊಳ್ಳುತ್ತಿತ್ತು. ಮುಂದುವರಿದರೆ ಬ್ಲೇಡು ಗೀರಿದಂಥ ನೋವು. ಮೊದಲ ದಿನ ಹಲ್ಲು ಕಚ್ಚಿದ. ಎರಡನೆಯ ಸಲ ನೋವು ಬರುವ ಮೊದಲೇ ಅದರ ನೆನಪು ಬಂತು; ಅಷ್ಟಕ್ಕೇ ಎಲ್ಲ ಇಳಿದುಹೋಯಿತು. ಆಮೇಲೆ ನೋವಿನವರೆಗೂ ಹೋಗಬೇಕಾಗಲಿಲ್ಲ. ಅವಳು ಕೂದಲು ಬಿಚ್ಚಿ ಹತ್ತಿರ ಕೂತರೆ ಸಾಕು, ಹೆದರಿಕೆಯಾಗಿ ಎದ್ದು ಎಲ್ಲಾದರೂ ಹೋಗಬೇಕು ಅನ್ನಿಸುತ್ತಿತ್ತು.

ನೋವು ಎಲ್ಲರಿಗೂ ಇರುತ್ತದೆ ಎಂದುಕೊಂಡಿದ್ದ. ಹಾಸ್ಟೆಲ್ಲಿನಲ್ಲಿ ಹುಡುಗರು, ಮೊದಮೊದಲು ನೋವಾಗತದ ಎಂದು ಪಿಸುಗುಟ್ಟಿ ನಕ್ಕದ್ದು ನೆನಪಿತ್ತು. ಯಾರಿಗೆ ನೋವು ಎಂದು ಅವನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಉಳಿದವರು ತಡೆದುಕೊಳ್ಳುತ್ತಾರೆ, ತನ್ನ ಕೈಲಾಗುವುದಿಲ್ಲ. ಆದ್ದರಿಂದ ದೋಷ ತನ್ನ ಗಂಡಸುತನದ್ದು. ಲೆಕ್ಕ ಇಷ್ಟು ನೇರವಾಗಿತ್ತು.

ಡಾಕ್ಟರನ್ನು ಕೇಳಲಿಲ್ಲ ಎಂದೇನಲ್ಲ. ಫೋನಿನ ಆಪ್‌ನಲ್ಲಿ ಕೇಳಿದ್ದ, ಅದೂ ಬೇರೆ ಬೇರೆಯವರನ್ನು. ವಯಸ್ಸೆಷ್ಟು, ಶುಗರ್ ಇದೆಯಾ, ಸಿಗರೇಟು ಸೇದುತ್ತೀರಾ, ಆಫೀಸಿನಲ್ಲಿ ಒತ್ತಡವಿದೆಯಾ? ಒತ್ತಡವಿದೆ ಎಂದ. ಒತ್ತಡ ಇಲ್ಲದವರು ಯಾರು? ಒಬ್ಬರು ವಾಕಿಂಗ್ ಹೇಳಿದರು, ಒಬ್ಬರು ಮಾತ್ರೆ ಬರೆದರು, ಇನ್ನೊಬ್ಬರು ಮನಸ್ಸು ಹಗುರ ಮಾಡಿಕೊಳ್ಳಿ ಎಂದರು. ಮಾತ್ರೆ ತೆಗೆದುಕೊಂಡ ದಿನ ಬಿಗಿತವೂ ನೋವೂ ಇನ್ನೂ ಹೆಚ್ಚಾದವು. ರೈಲ್ವೆ ಸ್ಟೇಷನ್ನಿನ ಹತ್ತಿರದ ಬೋರ್ಡು ನೋಡಿ ಒಂದು ಡಬ್ಬಿ ಚೂರ್ಣವನ್ನೂ ತಂದು ಹಾಲಿನಲ್ಲಿ ಕಲಸಿ ಕುಡಿದಾಯಿತು. ಹೊಟ್ಟೆ ಕೆಟ್ಟದ್ದು ಬಿಟ್ಟರೆ ಬೇರೆ ಫಲವಿಲ್ಲ. ನೋವಿನ ಮಾತನ್ನು ಯಾರೂ ಕೇಳಲಿಲ್ಲ. ಕೇಳದ್ದನ್ನು ಅವನು ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಆ ಅಂಗಕ್ಕೆ ಅವನಿಗೆ ಗೊತ್ತಿದ್ದ ಕನ್ನಡ ಶಬ್ದಗಳು ಎರಡೇ ತೆರ. ಒಂದು, ಅವ್ವ ಚಿಕ್ಕಂದಿನಲ್ಲಿ ಎರೆಯುವಾಗ ಅನ್ನುತ್ತಿದ್ದದ್ದು. ಇನ್ನೊಂದು, ಗದಗದ ಬಸ್‌ಸ್ಟ್ಯಾಂಡಿನ ಬೈಗುಳ. ಮೂವತ್ತೆರಡು ವರ್ಷದ ಮನುಷ್ಯ ಹೆಂಡತಿಯ ಮುಂದೆ ಇವೆರಡರಲ್ಲಿ ಯಾವುದನ್ನು ಬಳಸಿದರೂ ಮರ್ಯಾದೆ ಉಳಿಯುತ್ತಿರಲಿಲ್ಲ.

ಕೆಲಸದಲ್ಲಿ ಮಾತ್ರ ಅವನಷ್ಟು ಕೇಳುವವರು ಇಲ್ಲ. ಜೊತೆಯ ಎಂಜಿನಿಯರ್ ಪವನ್, ಶ್ರೀಕಾಕುಳದವನು, ಯಾವ ಆಸ್ಪತ್ರೆಯಿಂದ ಕರೆ ಬಂದರೂ ಫೋನಿನಲ್ಲೇ ತೀರ್ಪು ಕೊಡುತ್ತಿದ್ದ: “ಮೆಷಿನ್ ಚೆನ್ನಾಗಿದೆ ಗುರೂ, ಬಳಸುವ ಮನುಷ್ಯನೇ ಸರಿಯಿಲ್ಲ.” ಶಮಂತ ಒಪ್ಪುತ್ತಿರಲಿಲ್ಲ. ಕವರು ಬಿಚ್ಚಿ ಕಣ್ಣಾರೆ ನೋಡದೆ ಕಾರಣ ಬರೆಯಬೇಡ ಎಂದು ಹಟ ಹಿಡಿಯುತ್ತಿದ್ದ. ಕಂಪನಿಯ ಕೈಪಿಡಿಗಳನ್ನೂ ಅವನು ನಂಬುತ್ತಿರಲಿಲ್ಲ. ಕೆಂಪು ವೈರಿನ ಕೆಳಗೆ ನೀಲಿ ಎಂದು, ಎಡ ಬಲ ಅದಲುಬದಲಾಗಿ ಅಚ್ಚಾದದ್ದನ್ನು ಎಷ್ಟೋ ಸಲ ಹಿಡಿದುಕೊಟ್ಟಿದ್ದ. ಅದೊಂದು ಅವನ ಹೆಮ್ಮೆ.

*

ಸೋಮವಾರ ಬೆಳಿಗ್ಗೆ ನಗರದ ಒಂದು ಖಾಸಗಿ ಆಸ್ಪತ್ರೆಯಿಂದ ಕರೆ. ಮೂತ್ರರೋಗ ವಿಭಾಗದ ಪರೀಕ್ಷಾ ಕೋಣೆಯ ದೀಪ ಹತ್ತುತ್ತಿಲ್ಲ. ಡಾಕ್ಟರ್ ಕಾಮೇಶ್ವರ ರಾವ್ ಆಪರೇಷನ್ನಿನಲ್ಲಿದ್ದರು. ನರ್ಸ್ ಬಾಗಿಲು ತೆಗೆದುಕೊಟ್ಟು ಹೋದಳು.

ಸಣ್ಣ ತೊಂದರೆ. ದೀಪದ ತೋಳು ಬಾಗುವ ಕಡೆ ಒಳಗಿನ ತಂತಿ ಸವೆದಿತ್ತು. ಬೆಸುಗೆ ಹಾಕಿ ಆರಲು ಬಿಟ್ಟು ಶಮಂತ ಸುತ್ತ ನೋಡಿದ. ಗೋಡೆಯ ಮೇಲೆ ಔಷಧ ಕಂಪನಿಯವರು ಕೊಟ್ಟ ಚಿತ್ರಪಟಗಳು: ಮೂತ್ರಪಿಂಡ, ಅದರೊಳಗಿನ ಕಲ್ಲು, ಮತ್ತೆ ಅಕ್ಕಪಕ್ಕದಲ್ಲಿ ಎರಡು ಚಿತ್ರವಿದ್ದ ಒಂದು ಪಟ. ಎರಡೂ ಗಂಡಸಿನ ಅಂಗದ್ದೇ. ಎಡಗಡೆಯದರಲ್ಲಿ ಮುಂದಿನ ಚರ್ಮ ಸಲೀಸಾಗಿ ಹಿಂದೆ ಸರಿದು ಒಳಗಿನ ಭಾಗ ಪೂರ್ತಿ ಕಾಣುತ್ತಿತ್ತು. ಬಲಗಡೆಯದರಲ್ಲಿ ಚರ್ಮ ಮುಂದಕ್ಕೆ ಕೂಡಿಕೊಂಡು, ನಡುವೆ ಒಂದು ಚಿಕ್ಕ ತೂತು ಮಾತ್ರ.

ಬಲಗಡೆಯದು ಅವನದೇ.

ಎಡಗಡೆಯ ಚಿತ್ರದವನನ್ನು ನೋಡಿ ಶಮಂತನಿಗೆ ಅಯ್ಯೋ ಪಾಪ ಅನ್ನಿಸಿತು. ಏನು ಕಾಯಿಲೆಯೋ, ಚರ್ಮ ಹೀಗೆ ಹಿಂದೆ ಹೋಗಿಬಿಟ್ಟಿದೆ, ಉರಿಯಬಹುದು. ಬಗ್ಗಿ ಕೆಳಗಿನ ಅಕ್ಷರ ಓದಿದ. ಎಡಗಡೆ ‘ನಾರ್ಮಲ್’ ಎಂದಿತ್ತು. ಬಲಗಡೆ ‘ಫೈಮೋಸಿಸ್’ ಎಂದಿತ್ತು.

ಅವನಿಗೆ ನಗು ಬಂತು. ಇವರೂ ಅಚ್ಚಿನಲ್ಲಿ ಅದಲುಬದಲು ಮಾಡಿಕೊಂಡಿದ್ದಾರೆ!

ಅಷ್ಟರಲ್ಲಿ ಡಾಕ್ಟರು ಬಂದರು. ಬಿಳಿ ಮೀಸೆಯ, ದೊಡ್ಡ ಹೊಟ್ಟೆಯ ಮನುಷ್ಯ. ದೀಪ ಹಚ್ಚಿ ತೋರಿಸಿದ ಮೇಲೆ ಶಮಂತ ಹೊರಡುವವನಿದ್ದ. ಆದರೆ ತಪ್ಪು ಕಂಡು ಸುಮ್ಮನೆ ಹೋಗುವ ಅಭ್ಯಾಸ ಇರಲಿಲ್ಲ.

“ಸರ್, ಆ ಪಟದಲ್ಲಿ ಪ್ರಿಂಟಿಂಗ್ ಮಿಸ್ಟೇಕ್ ಇದೆ,” ಎಂದು ತೆಲುಗಿನಲ್ಲಿ ಹೇಳಿದ. “ಎರಡರ ಹೆಸರೂ ಅದಲುಬದಲಾಗಿದೆ. ಪೇಷಂಟುಗಳಿಗೆ ಗೊಂದಲ ಆಗತ್ತೆ. ಕಂಪನಿಯವರಿಗೆ ಹೇಳಿ ಬದಲಿಸಿ.”

ಡಾಕ್ಟರು ಪಟ ನೋಡಿದರು. ಮತ್ತೆ ಇವನ ಮುಖ ನೋಡಿದರು. ಮತ್ತೊಮ್ಮೆ ಪಟ ನೋಡಿದರು.

“ಯಾರು ಹೇಳಿದರು ಬಾಬೂ ನಿನಗೆ, ಅದಲುಬದಲಾಗಿದೆ ಅಂತ?”

“ಹೇಳೋದೇನು ಸರ್, ನೋಡಿದರೇ ಗೊತ್ತಾಗತ್ತಲ್ಲ...” ಎಂದವನು ಅಲ್ಲಿಗೆ ನಿಂತ.

ಡಾಕ್ಟರು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದರು. ನಗಲಿಲ್ಲ.

“ಮದುವೆ ಆಗಿದೆಯಾ?”

“ಆಗಿದೆ ಸರ್. ಹತ್ತು ತಿಂಗಳು.”

“ನೋವಾಗತ್ತಾ?”

ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ಶಮಂತ ಹೌದೆಂದು ತಲೆ ಮಾತ್ರ ಆಡಿಸಿದ.

“ಆ ದೀಪ ಈಗ ಸರಿಯಾಗಿ ಉರೀತದಾ?”

“ಉರೀತದೆ ಸರ್.”

“ಹಾಗಾದರೆ ಮಲಗು. ನೋಡಿಬಿಡೋಣ.”

ನೋಡಿದ್ದು ಒಂದು ಗಳಿಗೆ. ಕೈ ತೊಳೆಯುತ್ತ ಡಾಕ್ಟರು ಹೇಳಿದರು: “ಪಟ ಸರಿಯಾಗಿಯೇ ಇದೆ. ಮುಂದೊಗಲಿನ ಬಾಯಿ ಬಿಗಿಯಾಗಿದೆ, ಹಿಂದೆ ಸರಿಯುವುದಿಲ್ಲ. ಚಿಕ್ಕ ಮಕ್ಕಳಿಗೆಲ್ಲ ಇರತ್ತೆ, ಬೆಳೀತಾ ಸಡಿಲ ಆಗತ್ತೆ. ಕೆಲವರಿಗೆ ಆಗುವುದಿಲ್ಲ. ನಿನಗೆ ಆಗಿಲ್ಲ. ಅಷ್ಟೇ.”

ಶಮಂತ ಬೆಲ್ಟು ಹಾಕಿಕೊಳ್ಳುವುದನ್ನೂ ಮರೆತು ನಿಂತ. “ಅಂದರೆ ನರಗಳ ದೌರ್ಬಲ್ಯ ಅಲ್ಲವಾ?”

“ಯಾವ ನರ?”

“ಮಾನಸಿಕವಾ?”

“ಬಾಗಿಲ ಸಂದಿಯಲ್ಲಿ ಒಮ್ಮೆ ಬೆರಳು ಸಿಕ್ಕಿತು ಅಂದುಕೋ. ಮುಂದಿನ ಸಲ ಬಾಗಿಲು ಕಂಡರೆ ಕೈ ತಾನೇ ಹಿಂದೆ ಬರತ್ತೆ. ಆ ಕೈಯನ್ನು ಹೇಡಿ ಅಂತೀಯಾ? ಬುದ್ಧಿ ಇರುವ ಕೈ ಅದು.”

ಅಲ್ಲಿಂದ ಮುಂದೆ ಶಮಂತನ ಬಾಯಿ ನಿಲ್ಲಲಿಲ್ಲ. ಯಾಕೆ ಸಡಿಲ ಆಗುವುದಿಲ್ಲ? ಇಷ್ಟು ವರ್ಷ ತನಗೆ ಹೇಗೆ ಗೊತ್ತಾಗಲಿಲ್ಲ? ಮಾತ್ರೆ ತಗೊಂಡಾಗ ನೋವು ಹೆಚ್ಚಾದದ್ದೇಕೆ? ಬೇರೆಯವರಿಗೂ ಇರುತ್ತದಾ? ಡಾಕ್ಟರು ಒಂದೊಂದಕ್ಕೂ ಉತ್ತರಿಸಿದರು. ಮೂಗು, ಕಿವಿ ಆದರೆ ನಾಲ್ಕು ಜನ ನೋಡುತ್ತಾರೆ, ನಿನ್ನದು ಸೊಟ್ಟ ಇದೆ ಅನ್ನುತ್ತಾರೆ. ಇದನ್ನು ಯಾರು ಯಾರದರ ಜೊತೆ ಹೋಲಿಸುತ್ತಾರೆ? ಮೊಮ್ಮಗ ಹುಟ್ಟಿದ ಮೇಲೆ ಬೇರೆ ಯಾವುದಕ್ಕೋ ಬಂದು ಗೊತ್ತುಮಾಡಿಕೊಂಡವರೂ ಇದ್ದಾರೆ ಎಂದರು. “ನನ್ನ ಪಿ.ಜಿ. ಹುಡುಗರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ ಬಾಬೂ!”

ಮುಲಾಮು ಬರೆದುಕೊಟ್ಟರು. ಕೆಲವು ವಾರ ಹಚ್ಚಿ, ದಿನಾ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಬೇಕು. ಜೋರು ಮಾಡಬಾರದು, ಹಾಗೆ ಸರಿಸಿದ್ದನ್ನು ಮತ್ತೆ ಮುಂದಕ್ಕೆ ತರಲು ಮರೆಯಬಾರದು. ಅದರಿಂದ ಸಡಿಲವಾಗದಿದ್ದರೆ ಆ ಚರ್ಮ ತೆಗೆಯುವ ಚಿಕ್ಕ ಆಪರೇಷನ್, ಅದೇ ದಿನ ಮನೆಗೆ.

“ಮಾಡಿದ ಮೇಲೆ ಎಲ್ಲ ಸರಿ ಆಗತ್ತಾ ಸರ್?”

“ಚರ್ಮ ಸರಿ ಆಗತ್ತೆ. ಹತ್ತು ತಿಂಗಳು ಕಲಿತ ಹೆದರಿಕೆ ಅದೇ ದಿನ ಮರೆತುಹೋಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಮುಲಾಮಿಲ್ಲ. ಹೆಂಡತಿಗೆ ಹೇಳಿದ್ದೀಯಾ?”

“ಇಲ್ಲ.”

“ನೀನು ಹೇಳದಿದ್ದರೆ ಅವರೇ ಏನೋ ಒಂದು ಕಾರಣ ಹುಡುಕಿಕೊಂಡಿರುತ್ತಾರೆ. ಅದು ಇದಕ್ಕಿಂತ ಕೆಟ್ಟದ್ದೇ ಆಗಿರತ್ತೆ.”

*

ಆ ವಾರವೆಲ್ಲ ಶಮಂತನಿಗೆ ಲೋಕವೇ ಬೇರೆಯಾಗಿ ಕಂಡಿತು. ಸಿಂಹಾಚಲಂ ದೇವಸ್ಥಾನದ ಕಡೆಯಿಂದ ಬಂದ ಬಸ್ಸಿನಲ್ಲಿ ಹಣೆಗೆ ನಾಮ ಇಟ್ಟವರು, ಕಾಲೇಜು ಲೆಕ್ಚರರು, ಬ್ಯಾಂಕಿನವರು ಕೂತಿದ್ದರೆ, ಇವರಲ್ಲಿ ಎಷ್ಟು ಜನಕ್ಕೆ ಗೊತ್ತು, ಎಷ್ಟು ಜನಕ್ಕೆ ಗೊತ್ತಿಲ್ಲ ಎಂದು ಯೋಚಿಸುತ್ತಿದ್ದ. ಎದುರಿನ ಗಂಭೀರ ಮುಖದ ಹಿರಿಯರೊಬ್ಬರು, ಯಾಕಯ್ಯಾ ಹೀಗೆ ನೋಡುತ್ತೀ ಎನ್ನುವಂತೆ ಹುಬ್ಬೇರಿಸಿದ ಮೇಲೆ ಕಿಟಕಿಯ ಕಡೆ ತಿರುಗಿದ. ಆಪರೇಷನ್ ಎಂದಾಗ, ಅದು ಬೇರೆ ಧರ್ಮದವರು ಮಾಡಿಸುವುದಲ್ಲವೇ, ಅವ್ವ ಏನೆಂದಾಳು ಎಂಬ ಭಯವೂ ಒಂದು ದಿನ ಬಂದು ಹೋಯಿತು. ಅವ್ವನಿಗೆ ಇದನ್ನು ಯಾರು ಹೇಳಲು ಹೊರಟಿದ್ದಾರೆ ಎಂದು ನೆನಪಾಗಿ ನಕ್ಕ.

ಆದರೆ ಶನಿವಾರ ಹತ್ತಿರ ಬಂದಂತೆ ನಗು ಕಡಿಮೆಯಾಯಿತು. ಒಂದು ಉಪಾಯ ಹೊಳೆದಿತ್ತು: ಹೇಳುವುದೇ ಬೇಡ. ಕೆಲಸ ಬಿಡುತ್ತೇನೆಂದು ಕಾಲೇಜಿಗೆ ಬರೆದುಕೊಟ್ಟು ಬಾ ಎನ್ನುವುದು. ಅವಳು ಗಂಟುಮೂಟೆ ಕಟ್ಟಿಕೊಂಡು ಬರುವಷ್ಟರಲ್ಲಿ ಎಲ್ಲ ಸರಿಮಾಡಿಕೊಂಡು ಗಂಡಸಿನ ಹಾಗೆ ಎದುರುಗೊಳ್ಳುವುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಉಪಾಯ ಚೆನ್ನಾಗಿತ್ತು. ಆದರೆ ಸರಿಹೋಗದಿದ್ದರೆ? ಬಂದ ದಿನವೇ ಹೆದರಿಕೆ ಮತ್ತೆ ಬಂದರೆ? ಆಗ ಅವಳು ಕೆಲಸವನ್ನೂ ಬಿಟ್ಟು, ತವರನ್ನೂ ಬಿಟ್ಟು, ಮಧುರವಾಡದ ಏಳನೆಯ ಮಹಡಿಯಲ್ಲಿ ಅವನ ಬೆನ್ನು ನೋಡುತ್ತ ಕೂರಬೇಕು. ಇಸ್ತ್ರಿಪೆಟ್ಟಿಗೆಯ ವೈರನ್ನು ತಾನೇ ಬಿಚ್ಚಿಟ್ಟ ಹುಡುಗಿಗೆ ಇನ್ನೂ ಎಷ್ಟು ಮೋಸ ಮಾಡುವುದು?

ಶನಿವಾರ ಊಟ ಮುಗಿಯಿತು. ಶ್ರೀಪಾದರಾಯರು ಗಂಟಲು ಸರಿಮಾಡಿಕೊಂಡು, “ಸೀತಾ, ಮನ್ಯಾಗ...” ಎನ್ನುವಷ್ಟರಲ್ಲಿ ಶಮಂತ ಎದ್ದು ಅತ್ತೆಯ ಕಂಕುಳಿಂದ ಚೀಲ ತೆಗೆದುಕೊಂಡ.

“ಮಾವ, ಇವತ್ತ ನೀವು ಆರಾಮ ಮಾಡ್ರಿ. ಕಾಯಿಪಲ್ಲೆ ನಾವು ತರ್ತೀವಿ.”

ಮಾವ ಬೆಪ್ಪಾಗಿ ಹೆಂಡತಿಯ ಕಡೆ ನೋಡಿದರು. “ಆದ್ರ... ಇಷ್ಟ ಬಿಸಲಾಗ...”

“ನೀವು ವಾರಾ ಹೋಗ್ತಿದ್ರಲ್ರಿ.”

ಅತ್ತೆಗೆ ನಗು ತಡೆಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಿಕಿತಾ ಮಾತ್ರ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೊಡೆ ಬಿಚ್ಚಿದಳು.

ಶಮಂತ ಯೋಚಿಸಿಯೇ ಹೊರಟಿದ್ದ. ಆ ಮನೆ ಖಾಲಿಯಾದರೆ ಕೈ ಮತ್ತೆ ಸ್ಕ್ರೂಗೆ ಹೋಗುತ್ತಿತ್ತು; ಅತ್ತೆ ಮಾವ ಇದ್ದರೆ ಯಾವ ಭಾಷೆಯಲ್ಲಿ ಪಿಸುಗುಟ್ಟಿದರೂ ಗೋಡೆಯಾಚೆ ಅವರಿಗೆ ಅರ್ಥವಾಗುತ್ತಿತ್ತು. ರೈತು ಬಜಾರಿನಲ್ಲಿ ಹಾಗಲ್ಲ. ಅಲ್ಲಿ ನೂರು ಜನರ ನಡುವೆ ಕನ್ನಡದಲ್ಲಿ ಏನು ಮಾತಾಡಿದರೂ ಬಾಗಿಲು ಹಾಕಿಕೊಂಡಷ್ಟೇ ಗುಟ್ಟು. ಹೊರನಾಡಿನ ಕನ್ನಡಿಗರು ಅಂಗಡಿಯವನ ಎದುರೇ ಬೆಲೆ ಹೆಚ್ಚಾಯಿತು ಎಂದು ಮಾತಾಡಿಕೊಳ್ಳುವುದು ಹೀಗೆಯೇ. ಮಧ್ಯಾಹ್ನದ ಹೊತ್ತು, ಬಜಾರು ಅರೆನಿದ್ದೆಯಲ್ಲಿತ್ತು. ಗೋಣಿಚೀಲ ಹೊದಿಸಿದ ಸೊಪ್ಪಿನ ಹಿಂದೆ ವ್ಯಾಪಾರದವರು ತೂಕಡಿಸುತ್ತಿದ್ದರು.

“ಹೇಳ್ರಿ,” ಎಂದಳು ನಿಕಿತಾ, ಬೆಂಡೆಕಾಯಿಯ ತುದಿ ಮುರಿದು ನೋಡುತ್ತ.

“ನನಗ ಒಂದು ತೊಂದ್ರಿ ಅದ.”

“ಬೇರೆ ಯಾರಾದ್ರೂ ಇದ್ದಾರಾ?”

“ಏ, ಇಲ್ಲ! ತೊಂದ್ರಿ ಅಂದ್ರ... ಮೈಯಾಗ. ಡಾಕ್ಟರ್...” ಎಂದವನು ನಾಲಗೆ ಕಚ್ಚಿಕೊಂಡ. ಬೆಂಡೆಕಾಯಿಯ ಹೆಂಗಸು ಡಾಕ್ಟರ್ ಎಂಬ ಮಾತಿಗೆ ಕಣ್ಣು ತೆರೆದಿದ್ದಳು.

“ಆ ಮಾತು ಬ್ಯಾಡ, ತಿಳೀತದ,” ಎಂದಳು ನಿಕಿತಾ. “ಮಾಸ್ತರ್ ಅನ್ರಿ.”

“ಹ್ಞಾಂ. ಮಾಸ್ತರ್ ನೋಡಿದ್ರು.” ಮುಂದೆ ಶಬ್ದ ಸಿಗಲಿಲ್ಲ. ಅವನು ಅತ್ತಿತ್ತ ನೋಡಿ, ತನ್ನ ತುಂಬುತೋಳಿನ ಅಂಗಿಯ ಮಣಿಕಟ್ಟಿನ ಗುಂಡಿ ಬಿಗಿಯಾಗಿ ಹಾಕಿ, ಕೈಯನ್ನು ತೋಳಿನೊಳಗೆ ಪೂರ್ತಿ ಎಳೆದುಕೊಂಡು ಮುಷ್ಟಿ ಕಟ್ಟಿದ. “ಹಿಂದ ಸರಸು.”

“ಏನು?”

“ತೋಳು ಹಿಂದ ಸರಸು. ಕೈ ಹೊರಗ ಬರಬೇಕು.”

ಅವಳು ಕೊಡೆಯನ್ನು ಕುತ್ತಿಗೆಗೆ ಆನಿಸಿ ಎರಡೂ ಕೈಯಿಂದ ಎಳೆದಳು. ಗುಂಡಿ ಹಾಕಿದ ಪಟ್ಟಿ ಬೆರಳ ಗೆಣ್ಣಿಗೆ ಸಿಕ್ಕಿ ನಿಂತಿತು. ಇನ್ನೊಮ್ಮೆ ಎಳೆದಳು. ಅವನು ‘ಸ್’ ಎಂದ. ಅವಳು ಥಟ್ಟನೆ ಕೈ ಬಿಟ್ಟು ಅವನ ಮುಖ ನೋಡಿದಳು.

“ಪ್ರತಿ ಸಲಾನೂ?”

“ಪ್ರತಿ ಸಲಾನೂ. ಹುಟ್ಟಿದಾಗಿಂದ ಹಂಗ ಅದ. ಎಲ್ಲಾರದೂ ಹಂಗ ಇರ್ತದ ಅಂತ ತಿಳಕೊಂಡಿದ್ದೆ.”

ಅವಳು ಮೊದಲು ನಕ್ಕಳು. ಬೆಂಡೆಕಾಯಿಯ ಹೆಂಗಸೂ ಜೊತೆಗೆ ನಕ್ಕಳು, ಯಾಕೆಂದು ತಿಳಿಯದೆ. “ಜಿರಲಿದು ಒಂದೊಂದು ಪಾರ್ಟೂ ನನಗೆ ಬಾಯಿಪಾಠ ಬರ್ತದ ರೀ. ಬೋರ್ಡಿನ ಮ್ಯಾಲೆ ಕಣ್ಣು ಮುಚ್ಚಿ ಬರೀತೀನಿ. ಕಟ್ಟಿಕೊಂಡ ಗಂಡನ್ದು...” ಎಂದು ನಗುತ್ತಿದ್ದವಳ ಕಣ್ಣು ತುಂಬಿತು. ಮುಖ ಕೆಂಪಾಯಿತು. ಚೀಲವನ್ನು ಅವನ ಎದೆಗೆ ತಳ್ಳಿ ಸರಸರ ಮುಂದೆ ನಡೆದಳು.

ಟೊಮೇಟೊ ರಾಶಿಯ ಹತ್ತಿರ ಅವನು ಅವಳನ್ನು ಸೇರಿಕೊಂಡ.

“ಎಷ್ಟು ಸೋಪು ಬದಲಿಸೀನಿ ಗೊತ್ತಾ ನಿನಗೆ?” ಸಿಟ್ಟಿನಲ್ಲಿ ಅವಳ ‘ನೀವು’ ಹೋಗಿ ‘ನೀನು’ ಬಂದಿತ್ತು. “ನನ್ನ ಮೈ ವಾಸನಿ ಬರ್ತದೇನೋ ಅಂತ ಬೆಳ್ಳುಳ್ಳಿ ತಿನ್ನೋದು ಬಿಟ್ಟೆ. ದಪ್ಪ ಆಗೀನಿ ಅಂತ ರಾತ್ರಿ ಊಟ ಬಿಟ್ಟೆ. ನೀನು ನಿದ್ದಿ ಮಾಡಿದಾಗ ನಿನ್ನ ಫೋನ್ ನೋಡೀನಿ. ಯಾವಳಾದ್ರೂ ಇದ್ದಾಳೇನೋ ಅಂತ.”

“ಏನ ಸಿಕ್ತು?”

“ವೈರಿನ ಫೋಟೋ! ಬರೇ ವೈರಿನ ಫೋಟೋ!” ಮೂಗು ಒರೆಸಿಕೊಂಡಳು. “ಒಂದು ಮಾತು ಹೇಳಬಾರದಾಗಿತ್ತಾ? ನೋವಾಗ್ತದ ಅಂತ ಒಂದು ಮಾತು?”

“ಗಂಡಸಿಗೆ ನೋವಾಗ್ತದ ಅಂತ ಹೆಂಗ ಹೇಳ್ಬೇಕು, ಗೊತ್ತಾಗಲಿಲ್ಲ.”

ಅವಳು ಟೊಮೇಟೊ ಆರಿಸತೊಡಗಿದಳು, ಬೇಡದಷ್ಟು ಆರಿಸಿದಳು. ಸ್ವಲ್ಪ ಹೊತ್ತಿಗೆ ಅವಳೊಳಗಿನ ಲೆಕ್ಚರರು ಎದ್ದು ಕೂತಳು. ಮಾಸ್ತರು ಏನಂದರು? ಹಚ್ಚಲು ಕೊಟ್ಟದ್ದೇನು? ಹಚ್ಚುತ್ತಿದ್ದಾನಾ? ಆಗದಿದ್ದರೆ? ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಮಾಸ್ತರ ಬಳಿ ಹೆದರಿಕೆಗೆ ಮುಲಾಮಿಲ್ಲ ಎಂಬುದನ್ನೂ ಹೇಳಿದ. ಹೇಳದೆಯೇ ಅವಳನ್ನು ಕರೆಸಿಕೊಳ್ಳುವ ಉಪಾಯ ಹೂಡಿದ್ದನ್ನು ಹೇಳಿದಾಗ ಅವಳು, “ಛೀ,” ಎಂದು ಅವನ ತೋಳಿಗೆ ಟೊಮೇಟೊ ಹಿಡಿದ ಕೈಯಿಂದಲೇ ಗುದ್ದಿದಳು.

“ಮುಂದಿನ ಸಲ ನಾನೂ ಬರ್ತೀನಿ ಅವರ ಹತ್ರ. ನನಗೂ ಕೇಳೋದದ.”

“ಆತು.”

“ಈಗ ನನ್ನ ಪ್ರಶ್ನೆಗೆ ಜವಾಬು ಹೇಳ್ರಿ. ಅದನ್ನ ಇನ್ನೂ ಹೇಳಿಲ್ಲ.”

ಶಮಂತ ಚೀಲ ಕೆಳಗಿಟ್ಟ. ಮೊದಲೇ ಬೆವರಿದ್ದವನು ಇನ್ನಷ್ಟು ಬೆವರಿದ. ರೋಗದ ಮಾತು ಹೇಳುವಾಗ ಇದ್ದ ಧೈರ್ಯ ಈಗ ಎಲ್ಲಿ ಹೋಯಿತೋ.

“ನೀ ನನಗ ಬೇಕು,” ಎಂದ. “ಮೊದಲನೇ ದಿನದಿಂದ ಬೇಕು. ಆದ್ರ ಬಂದಕೂಡ್ಲೇ ಎಲ್ಲಾ ಸರಿ ಇರ್ತದ ಅಂತ ನಾ ಮಾತು ಕೊಡಾಂಗಿಲ್ಲ. ಮತ್ತ ಅಂಜಿಕಿ ಬರಬಹುದು. ಅಂಜಿಕಿ ಬಂದ್ರ ಬಂತು ಅಂತ ಹೇಳ್ತೀನಿ. ಎದ್ದು ಹೋಗಾಂಗಿಲ್ಲ.”

ನಿಕಿತಾ ಕೊಡೆಯನ್ನು ಅವನ ತಲೆಯ ಮೇಲೂ ಬರುವಂತೆ ಸರಿಸಿದಳು. ಯೋಚಿಸುವಾಗ ಅವಳು ಕೆಳತುಟಿ ಕಚ್ಚುತ್ತಾಳೆ ಎಂಬುದನ್ನು ಅವನು ಇಷ್ಟು ತಿಂಗಳಲ್ಲಿ ಗಮನಿಸಿಯೇ ಇರಲಿಲ್ಲ.

“ಕಾಲೇಜು ಈಗಲೇ ಬಿಡಾಂಗಿಲ್ಲ,” ಎಂದಳು ಕೊನೆಗೆ. “ಬರೋ ವರ್ಷಾನೂ ಇರ್ತೀನಿ ಅಂತ ಬರ್ದು ಕೊಡ್ತೀನಿ. ನಿಮ್ಮ ಮ್ಯಾಲೆ ಸಿಟ್ಟು ಇನ್ನೂ ಹೋಗಿಲ್ಲ, ಅದಕ್ಕ. ಆದ್ರೆ ಪೇಪರು ತಿದ್ದೋದು ಮುಗೀತು, ರಜಾ ಸುರು ಆಗ್ತದ. ಇಡೀ ರಜಾ ವೈಜಾಗಿನಾಗ ಇರ್ತೀನಿ. ಆಮೇಲಿಂದು ಆಮೇಲೆ, ಇಬ್ಬರೂ ಕೂತು ನೋಡೋಣು.”

“ಖರೇನ?”

“ಟಿಕೆಟ್ ತೆಗೀರಿ ಮೊದಲು. ಕಿಟಕಿ ಸೀಟು ನನಗೆ.”

ಅವನು ಅಲ್ಲೇ, ಟೊಮೇಟೊ ರಾಶಿಯ ಮುಂದೆ ನಿಂತು, ಬೆವರಿದ ಬೆರಳಿನಿಂದ ಫೋನು ಒರೆಸಿ ಒರೆಸಿ ರೈಲು ಹುಡುಕತೊಡಗಿದ.